ಮೊದಲು ಕೆಟ್ಟ ಜೀನ್ ಯಾವುದು ನೋಡಿ, ಆಮೇಲೆ ಔಷಧಿ ಹೋಲಿಸಿ: ಗಡ್ಡೆಯ ರಕ್ತನಾಳ ತಡೆಯುವ ನಾಲ್ಕು ದಾರಿಗಳು

ಗಡ್ಡೆಗೆ ರಕ್ತ ಹೋಗದ ಹಾಗೆ ಮಾಡುವ ಔಷಧಿ ಕೊಡೋಣ ಎಂದು ಡಾಕ್ಟರ್ ಹೇಳಿದ ಕೂಡಲೇ ಮನೆಯವರ ಬಾಯಿಂದ ಬರುವ ಮೊದಲ ಪ್ರಶ್ನೆ, ‘ಅವುಗಳಲ್ಲಿ ಯಾವುದು ಒಳ್ಳೆಯದು?’ ಬೆವಾಸಿಜುಮ್ಯಾಬ್, ಸುನಿಟಿನಿಬ್, ಎವೆರೋಲಿಮಸ್, ಬೆಲ್ಜುಟಿಫಾನ್ ಎಂದು ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಅಳೆದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಒಂದೊಂದೂ ಹಿಡಿಯುವ ಜಾಗ ಬೇರೆ. ಗಡ್ಡೆಯಲ್ಲಿ ಕೆಟ್ಟಿರುವ ಜೀನ್ ಯಾವುದು, ಅದು ರಕ್ತನಾಳದ ಬೆಳವಣಿಗೆಯನ್ನು ಯಾವ ಹಂತದಲ್ಲಿ ಹಿಡಿದಿಟ್ಟಿತ್ತು ಎಂಬುದನ್ನು ಪಕ್ಕದಲ್ಲಿ ಇಟ್ಟುಕೊಂಡಾಗಲೇ ಹೋಲಿಕೆಗೆ ಅರ್ಥ ಬರುತ್ತದೆ.

ನನ್ನ ತಿಳಿವಳಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟ ಜೀನ್ ರಕ್ತನಾಳವನ್ನು ಕರೆಯುವ ಸಂಕೇತಕ್ಕೆ ಹತ್ತಿರವಿದ್ದಷ್ಟೂ ಅದಕ್ಕೆ ಹೊಂದುವ ಔಷಧಿ ಸ್ಪಷ್ಟವಾಗಿ ಕೆಲಸ ಮಾಡುತ್ತದೆ. ದೂರವಿದ್ದು, ಹತ್ತು ಕೆಲಸಗಳನ್ನು ಒಟ್ಟಿಗೆ ನೋಡಿಕೊಳ್ಳುತ್ತಿದ್ದ ಜೀನ್ ಕೆಟ್ಟಿದ್ದರೆ ಯಾವ ಒಂದು ಔಷಧಿಯೂ ಪೂರ್ತಿ ಹೊಂದುವುದಿಲ್ಲ. ಇದಕ್ಕೆ ಅಪವಾದಗಳಿವೆ, ಅವನ್ನೂ ಮುಚ್ಚಿಡುವುದಿಲ್ಲ. ಯಾವ ಔಷಧಿ ಎಂಬ ತೀರ್ಮಾನ ಕ್ಯಾನ್ಸರ್ ತಜ್ಞರದೇ. ಆದರೆ ಅವರ ಮುಂದೆ ಕುಳಿತಾಗ ಸರಿಯಾದ ಪ್ರಶ್ನೆ ಕೇಳಲು ಇದು ನೆರವಾಗಲಿ ಎಂಬ ಆಸೆ ನನ್ನದು.

ಒಂದೇ ವರ್ಷದಲ್ಲಿ ಹುಟ್ಟಿದ ಎರಡು ವಿಚಾರಗಳು

1971ರಲ್ಲಿ ಬಾಸ್ಟನ್ನಿನ ಮಕ್ಕಳ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಒಂದು ಮಾತು ಮುಂದಿಟ್ಟರು: ಗಡ್ಡೆ ತನಗೆ ಬೇಕಾದ ರಕ್ತನಾಳಗಳನ್ನು ತಾನೇ ಕರೆಸಿಕೊಳ್ಳುತ್ತದೆ, ಆ ಕರೆಯನ್ನು ತಡೆದರೆ ಅದು ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಲಾರದು. ಲೆಕ್ಕ ಸರಳವಾದದ್ದು. ರಕ್ತನಾಳದಿಂದ ಆಮ್ಲಜನಕ ಜಿನುಗಿ ತಲುಪುವುದು ಸುಮಾರು 100ರಿಂದ 200 ಮೈಕ್ರೋಮೀಟರ್ ದೂರಕ್ಕೆ ಮಾತ್ರ, ಅಂದರೆ ಒಂದೆರಡು ಕೂದಲೆಳೆಯ ದಪ್ಪದಷ್ಟು. ಅದಕ್ಕಿಂತ ಆಚೆ ಇರುವ ಜೀವಕೋಶ ಉಸಿರುಗಟ್ಟುತ್ತದೆ. ಬಹಳ ವರ್ಷ ಈ ಮಾತನ್ನು ಹೆಚ್ಚಿನವರು ನಂಬಲಿಲ್ಲ.

ಅದೇ 1971ರಲ್ಲಿ ಆಲ್ಫ್ರೆಡ್ ನಡ್ಸನ್ ರೆಟಿನೊಬ್ಲಾಸ್ಟೋಮ ಎಂಬ ಮಕ್ಕಳ ಕಣ್ಣಿನ ಕ್ಯಾನ್ಸರಿನ 48 ಪ್ರಕರಣಗಳನ್ನು ಲೆಕ್ಕ ಹಾಕಿ ‘ಎರಡು ಏಟು’ ಎಂಬ ವಿವರಣೆ ಕೊಟ್ಟರು. ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಪ್ರತಿ ಜೀನಿಗೂ ಎರಡು ಪ್ರತಿಗಳು ಇರುತ್ತವಲ್ಲ, ಕೆಲವು ಜೀನ್‌ಗಳಲ್ಲಿ ಎರಡೂ ಪ್ರತಿ ಕೆಟ್ಟಾಗ ಮಾತ್ರ ಗಡ್ಡೆ ಹುಟ್ಟುತ್ತದೆ. ಇಂಥ ಜೀನ್‌ಗಳಿಗೇ ಟ್ಯೂಮರ್ ಸಪ್ರೆಸರ್ ಎಂಬ ಹೆಸರು ಬಂತು. ಕನ್ನಡದಲ್ಲಿ ಗಡ್ಡೆ ತಡೆಯುವ ಜೀನ್ ಎನ್ನೋಣ. ಜೀವಕೋಶ ಅಡ್ಡಾದಿಡ್ಡಿ ಒಡೆಯದಂತೆ ಕಾಯುವುದು ಅವುಗಳ ಕೆಲಸ ಎಂದೇ ಎಲ್ಲರೂ ತಿಳಿದಿದ್ದರು.

ಫೋಕ್‌ಮನ್ ಮತ್ತು ನಡ್ಸನ್ ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿದ್ದಾರೆ ಅನ್ನಿಸಿತ್ತು. ಇಬ್ಬರ ಮಾತೂ ಒಂದೇ ಕಡೆ ಕೂಡುತ್ತದೆ ಎಂಬುದು ಗೊತ್ತಾಗಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಗಡ್ಡೆ ತಡೆಯುವ ಜೀನ್‌ಗಳಲ್ಲಿ ಹಲವು, ರಕ್ತನಾಳ ಕರೆಯುವ ಸಂಕೇತಕ್ಕೂ ಬೀಗ ಹಾಕಿಟ್ಟಿರುತ್ತವೆ. ಜೀನ್ ಹೋದರೆ ಆ ಬೀಗವೂ ಕಳಚುತ್ತದೆ.

ಸಂಕೇತ ಹರಿಯುವ ದಾರಿ

ಔಷಧಿಗಳು ಕೂರುವ ಜಾಗ ಕಾಣಬೇಕಾದರೆ ದಾರಿಯನ್ನು ಒಮ್ಮೆ ನಡೆದು ನೋಡಬೇಕು. ಜೀವಕೋಶದೊಳಗೆ ಹಿಫ್ ಎಂಬ ಪ್ರೋಟೀನ್ ಇದೆ. ಆಮ್ಲಜನಕ ಸಾಕಷ್ಟಿದ್ದಾಗ ಅದು ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಚೂರಾಗುತ್ತದೆ. ಆಮ್ಲಜನಕ ಕಡಿಮೆಯಾದರೆ ಉಳಿದುಕೊಂಡು ನ್ಯೂಕ್ಲಿಯಸ್ಸಿಗೆ ಹೋಗಿ ಹತ್ತಾರು ಜೀನ್‌ಗಳನ್ನು ಎಬ್ಬಿಸುತ್ತದೆ. ಅವುಗಳಲ್ಲಿ ಒಂದು ವಿಇಜಿಎಫ್. 1989ರಲ್ಲಿ ನೆಪೋಲಿಯೋನ್ ಫೆರಾರ ಮತ್ತು ಜೊತೆಗಾರರು ಗುರುತಿಸಿದ ಈ ಪ್ರೋಟೀನ್ ಜೀವಕೋಶದಿಂದ ಹೊರಗೆ ಬಂದು, ಹತ್ತಿರದ ರಕ್ತನಾಳದ ಒಳಪದರದ ಕೋಶಗಳ ಮೇಲಿರುವ ಗ್ರಾಹಿಗೆ, ಅಂದರೆ ಸಂಕೇತ ಹಿಡಿಯುವ ಪ್ರೋಟೀನಿಗೆ, ಅಂಟಿಕೊಂಡು, ‘ಈ ಕಡೆ ಬೆಳೆ’ ಎಂದು ಕರೆಯುತ್ತದೆ. ಹಿಫ್ ಎಷ್ಟು ತಯಾರಾಗಬೇಕು ಎಂಬುದನ್ನು ಎಂಟಾರ್ ಎಂಬ ಇನ್ನೊಂದು ಪ್ರೋಟೀನ್ ಏರಿಸುತ್ತ ಇಳಿಸುತ್ತ ಇರುತ್ತದೆ. ಕರೆಗೆ ಎದುರಾಗಿ ‘ಬೇಡ, ಅಲ್ಲೇ ನಿಲ್ಲು’ ಎನ್ನುವ ಪ್ರೋಟೀನ್‌ಗಳೂ ಇವೆ. ಅವುಗಳಲ್ಲಿ ಮುಖ್ಯವಾದದ್ದು ಥ್ರಾಂಬೋಸ್ಪಾಂಡಿನ್-1.

ನಮ್ಮ ನಾಲ್ಕು ಔಷಧಿಗಳನ್ನು ಈ ದಾರಿಯ ಮೇಲೆ ಇಡೋಣ. ಬೆಲ್ಜುಟಿಫಾನ್ ಹಿಫ್-2 ಎಂಬ ಬಗೆಯನ್ನೇ ಹಿಡಿಯುತ್ತದೆ. ಎವೆರೋಲಿಮಸ್ ಎಂಟಾರನ್ನು ತಗ್ಗಿಸುತ್ತದೆ. ಬೆವಾಸಿಜುಮ್ಯಾಬ್ ಹೊರಗೆ ಬಂದ ವಿಇಜಿಎಫ್ಅನ್ನು ನಡುದಾರಿಯಲ್ಲೇ ಬಾಚಿಕೊಳ್ಳುತ್ತದೆ. ಸುನಿಟಿನಿಬ್, ಪಜೋಪಾನಿಬ್, ಆಕ್ಸಿಟಿನಿಬ್, ಕ್ಯಾಬೊಜಾಂಟಿನಿಬ್ ಮೊದಲಾದ ಮಾತ್ರೆಗಳು ಕೊನೆಯ ಗ್ರಾಹಿಯ ಕೆಲಸವನ್ನು ನಿಲ್ಲಿಸುತ್ತವೆ.

ವಿಎಚ್‌ಎಲ್ ಕೆಟ್ಟಿದ್ದರೆ

ಜೀನಿಗೂ ರಕ್ತನಾಳಕ್ಕೂ ಇರುವ ನಂಟು ಇಷ್ಟು ನೇರವಾಗಿ ಕಾಣುವ ಇನ್ನೊಂದು ಉದಾಹರಣೆ ಇಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಮೂತ್ರಪಿಂಡದ ಕ್ಲಿಯರ್ ಸೆಲ್ ಕ್ಯಾನ್ಸರಿನ ಗಡ್ಡೆಯನ್ನು ಕೊಯ್ದರೆ ಒಳಗೆ ಹೊಂಬಣ್ಣ ಕಾಣುತ್ತದೆ, ಅಲ್ಲಲ್ಲಿ ರಕ್ತ ಜಿನುಗಿದ ಕಲೆಗಳಿರುತ್ತವೆ. ಅದರ ತೆಳು ಪದರವನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಖಾಲಿ ಬಿಳಿ ಗೂಡುಗಳಂಥ ಕೋಶಗಳು. ಕೋಶದ ತುಂಬ ಇದ್ದ ಕೊಬ್ಬು, ಗ್ಲೈಕೋಜನ್ ಎಲ್ಲ ಸ್ಲೈಡ್ ತಯಾರಿಸುವಾಗ ಕರಗಿ ಹೋಗಿರುತ್ತವೆ. ಆ ಬಿಳಿ ಗೂಡುಗಳ ಪ್ರತಿ ಗುಂಪನ್ನೂ ಸುತ್ತುವರಿದು ಕೂದಲೆಳೆಗಿಂತ ಸಣ್ಣ ರಕ್ತನಾಳಗಳ ಬಲೆ. ಗಡ್ಡೆಯ ಯಾವ ಮೂಲೆಗೆ ಹೋದರೂ ಬಲೆ ತಪ್ಪುವುದಿಲ್ಲ.

ಈ ಬಲೆ ಯಾಕೆ ಎಂಬುದಕ್ಕೆ ಉತ್ತರ 3ನೇ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿದೆ. 1993ರಲ್ಲಿ ಅಲ್ಲಿ ಗುರುತಿಸಿದ ವಿಎಚ್‌ಎಲ್ ಜೀನಿನ ಪ್ರೋಟೀನ್ ಹಿಫ್ಅನ್ನು ಚೂರುಮಾಡಲು ಕಳಿಸುವ ಕೆಲಸದ್ದು. ಆಮ್ಲಜನಕ ಇದ್ದಾಗ ಒಂದು ಕಿಣ್ವ ಹಿಫ್ ಮೇಲಿನ ಪ್ರೋಲಿನ್ ಎಂಬ ಎರಡು ಅಮೈನೋ ಆಮ್ಲಗಳಿಗೆ ಗುರುತು ಹಾಕುತ್ತದೆ. ಗುರುತು ಕಂಡ ಕೂಡಲೇ ವಿಎಚ್‌ಎಲ್ ಬಂದು ಹಿಡಿದು ಅದನ್ನು ವಿಲೇವಾರಿಗೆ ಕಳಿಸುತ್ತದೆ. ವಿಎಚ್‌ಎಲ್ ಇಲ್ಲದ ಕೋಶದಲ್ಲಿ ಗುರುತು ಬಿದ್ದರೂ ಹಿಡಿಯುವವರಿಲ್ಲ. ಸುತ್ತ ಆಮ್ಲಜನಕ ತುಂಬಿದ್ದರೂ ಆ ಕೋಶ ಉಸಿರುಗಟ್ಟಿದಂತೆ ವರ್ತಿಸುತ್ತ, ವಿಇಜಿಎಫ್ ಸುರಿಯುತ್ತಲೇ ಇರುತ್ತದೆ. ಆಮ್ಲಜನಕವನ್ನು ಕೋಶಗಳು ಅರಿಯುವ ಈ ಬಗೆಯನ್ನು ಬಿಡಿಸಿದ್ದಕ್ಕೆ ವಿಲಿಯಂ ಕೇಲಿನ್, ಪೀಟರ್ ರ್‍ಯಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಅವರಿಗೆ 2019ರ ವೈದ್ಯಕೀಯ ನೊಬೆಲ್ ಬಂತು. ಇಲ್ಲಿ ಕೆಟ್ಟಿರುವ ಜೀನ್ ಮತ್ತು ರಕ್ತನಾಳದ ಕರೆ, ಎರಡರ ನಡುವೆ ಒಂದೇ ಮೆಟ್ಟಿಲು.

ಹಾಗಾದರೆ ಯಾವ ಔಷಧಿ? ಎರಡು ಸಂದರ್ಭಗಳನ್ನು ಬೇರೆ ಮಾಡಿ ನೋಡಬೇಕು.

ಒಂದು, ಹುಟ್ಟಿನಿಂದಲೇ ವಿಎಚ್‌ಎಲ್‌ನ ಒಂದು ಪ್ರತಿ ಕೆಟ್ಟು ಬಂದವರು. ವಾನ್ ಹಿಪ್ಪೆಲ್-ಲಿಂಡೌ ಕಾಯಿಲೆ ಎನ್ನುತ್ತಾರೆ. ಸುಮಾರು 36,000 ಜನನಕ್ಕೆ ಒಂದರಂತೆ ಕಾಣುತ್ತದೆ. ಇವರಿಗೆ ಮೂತ್ರಪಿಂಡದಲ್ಲಿ ಮಾತ್ರವಲ್ಲ, ಕಣ್ಣಿನ ರೆಟಿನಾ, ಕಿರುಮೆದುಳು, ಬೆನ್ನುಹುರಿಯಲ್ಲೂ ರಕ್ತನಾಳಗಳೇ ತುಂಬಿದ ಗಡ್ಡೆಗಳು ಏಳುತ್ತವೆ. ಒಂದನ್ನು ತೆಗೆದರೆ ಇನ್ನೊಂದು. ಬದುಕಿಡೀ ಆಪರೇಶನ್ ಮೇಲೆ ಆಪರೇಶನ್ ಎಂಬ ಸ್ಥಿತಿ. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಬೆಲ್ಜುಟಿಫಾನ್‌ಗೆ ಒಪ್ಪಿಗೆ ಕೊಟ್ಟದ್ದು ಇವರಿಗಾಗಿಯೇ. 61 ಜನರ ಪ್ರಯೋಗದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಮೂತ್ರಪಿಂಡದ ಗಡ್ಡೆಗಳು ಗಮನಾರ್ಹವಾಗಿ ಕುಗ್ಗಿದವು. ಈ ಗುಂಪಿಗೆ ನಾಲ್ಕರಲ್ಲಿ ಯಾವುದು ಹೆಚ್ಚು ಹೊಂದುತ್ತದೆ ಎಂದು ಕೇಳಿದರೆ, ನಾನು ಅಳುಕಿಲ್ಲದೆ ಹೇಳುವುದು ಇದನ್ನೇ. ಕೆಟ್ಟ ಬೀಗದ ಪಕ್ಕದಲ್ಲೇ ಕೈಯಿಟ್ಟು ಬಾಗಿಲು ಹಿಡಿಯುವ ಔಷಧಿ ಇದು.

ಎರಡನೆಯದು, ವಂಶದಲ್ಲಿ ಏನೂ ಇಲ್ಲದೆ ನಡುವಯಸ್ಸಿನ ನಂತರ ಬರುವ ಕ್ಲಿಯರ್ ಸೆಲ್ ಕ್ಯಾನ್ಸರ್. ಇಲ್ಲೂ ಬಹುಪಾಲು ಗಡ್ಡೆಗಳಲ್ಲಿ ವಿಎಚ್‌ಎಲ್ ಹೋಗಿರುತ್ತದೆ. ಆದರೆ ಹೋಗಿರುವುದು ಅದೊಂದೇ ಅಲ್ಲ. 3ನೇ ಕ್ರೋಮೋಸೋಮಿನ ಗಿಡ್ಡ ತೋಳು ಇಡಿಯಾಗಿ ಕಳೆದುಹೋಗುವುದು ಇಲ್ಲಿ ಮಾಮೂಲು. ಅದೇ ತೋಳಿನ ಮೇಲೆ ಪಿಬಿಆರ್‌ಎಂ1, ಬಿಎಪಿ1, ಸೆಟ್‌ಡಿ2 ಎಂಬ ಇನ್ನೂ ಮೂರು ಗಡ್ಡೆ ತಡೆಯುವ ಜೀನ್‌ಗಳು ಕೂತಿವೆ. ಹರಡಿದ ಕಾಯಿಲೆಗೆ ಗ್ರಾಹಿ ತಡೆಯುವ ಮಾತ್ರೆಗಳು ಮೊದಲಿನಿಂದ ಆಧಾರವಾಗಿವೆ. 750 ಜನರ ಪ್ರಯೋಗದಲ್ಲಿ ಕಾಯಿಲೆ ಮುಂದುವರಿಯದೆ ನಿಂತ ಮಧ್ಯಮ ಅವಧಿ ಇಂಟರ್‌ಫೆರಾನ್ ಎಂಬ ಹಳೆಯ ಔಷಧಿಯಲ್ಲಿ 5 ತಿಂಗಳಿದ್ದರೆ ಸುನಿಟಿನಿಬ್‌ನಲ್ಲಿ 11 ತಿಂಗಳು. ಈಗ ಆಕ್ಸಿಟಿನಿಬ್, ಕ್ಯಾಬೊಜಾಂಟಿನಿಬ್, ಲೆನ್ವಾಟಿನಿಬ್‌ಗಳನ್ನು ದೇಹದ ರಕ್ಷಣಾ ಶಕ್ತಿಯನ್ನೇ ಎಬ್ಬಿಸುವ ಇಮ್ಯುನೋಥೆರಪಿಯ ಜೊತೆಗೂಡಿಸಿ ಕೊಡುವುದು ರೂಢಿ. ಬೆಲ್ಜುಟಿಫಾನ್ ಇಲ್ಲಿ ಬರುವುದು ಅವೆಲ್ಲ ಆದ ಮೇಲೆ. ಎವೆರೋಲಿಮಸ್ ಜೊತೆ ನೇರವಾಗಿ ಹೋಲಿಸಿದಾಗ ಗಡ್ಡೆ ಕುಗ್ಗಿದವರು ಬೆಲ್ಜುಟಿಫಾನ್‌ನಲ್ಲಿ ಸುಮಾರು 22 ಶೇಕಡ, ಎವೆರೋಲಿಮಸ್‌ನಲ್ಲಿ 4 ಶೇಕಡದಷ್ಟೂ ಇಲ್ಲ. ಒಟ್ಟು ಬದುಕುಳಿದ ಅವಧಿಯಲ್ಲಿ ಮಾತ್ರ ಖಚಿತವಾದ ಅಂತರ ಕಾಣಲಿಲ್ಲ. ಈ ಎರಡೂ ಸಂಗತಿಗಳನ್ನು ಒಟ್ಟಿಗೆ ತಿಳಿದಿರಬೇಕು.

ಇಲ್ಲಿ ಹಲವರು ಎಡವುತ್ತಾರೆ. ‘ಜೀನ್ ಪರೀಕ್ಷೆಯ ರಿಪೋರ್ಟಿನಲ್ಲಿ ವಿಎಚ್‌ಎಲ್ ಕೆಟ್ಟಿದೆ ಎಂದಿದೆ, ಹಾಗಾಗಿ ಸುನಿಟಿನಿಬ್ ಚೆನ್ನಾಗಿ ಕೆಲಸ ಮಾಡಲೇಬೇಕು’ ಎಂದುಕೊಳ್ಳುತ್ತಾರೆ. ಕ್ಲಿಯರ್ ಸೆಲ್ ಗಡ್ಡೆಗಳಲ್ಲಿ ವಿಎಚ್‌ಎಲ್ ಕೆಡುವುದು ಎಷ್ಟು ಸಾಮಾನ್ಯವೆಂದರೆ, ಅದು ಕೆಟ್ಟಿದೆ ಎಂಬುದರಿಂದ ಯಾರಿಗೆ ಔಷಧಿ ಹಿಡಿಯುತ್ತದೆ, ಯಾರಿಗೆ ಹಿಡಿಯುವುದಿಲ್ಲ ಎಂದು ಬೇರ್ಪಡಿಸಲು ಆಗುವುದಿಲ್ಲ. ಆ ಮಟ್ಟಿಗೆ ಪಿಬಿಆರ್‌ಎಂ1 ಹೆಚ್ಚು ಮಾತಾಡುತ್ತದೆ. ಅದು ಕೆಟ್ಟ ಗಡ್ಡೆಗಳಲ್ಲಿ ರಕ್ತನಾಳ ದಟ್ಟವಾಗಿರುವುದೂ, ಸುನಿಟಿನಿಬ್‌ಗೆ ಹೆಚ್ಚು ಬಗ್ಗುವುದೂ ದೊಡ್ಡ ಪ್ರಯೋಗಗಳ ಮಾದರಿಗಳಲ್ಲಿ ಕಂಡುಬಂದಿದೆ.

ಟಿಎಸ್‌ಸಿ ಮತ್ತು ಪಿಟೆನ್: ಒಂದೇ ದಾರಿ, ಎರಡು ಫಲ

ಈ ಎರಡೂ ಎಂಟಾರ್ ಮೇಲೆ ಕಣ್ಣಿಟ್ಟಿರುವ ಜೀನ್‌ಗಳು. ಹೆಚ್ಚು ಕೆಳಗೆ, ಎಂಟಾರ್‌ಗೆ ತೀರ ಸಮೀಪದಲ್ಲಿರುವುದು ಟಿಎಸ್‌ಸಿ1 ಮತ್ತು ಟಿಎಸ್‌ಸಿ2 ಜೋಡಿ. ಅದಕ್ಕಿಂತ ಮೇಲೆ ಕೂತಿರುವುದು 1997ರಲ್ಲಿ ಗುರುತಿಸಿದ, 10ನೇ ಕ್ರೋಮೋಸೋಮಿನ ಪಿಟೆನ್.

ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಹುಟ್ಟಿನಿಂದ ಬರುವ ಕಾಯಿಲೆ ಇರುವವರಲ್ಲಿ ಟಿಎಸ್‌ಸಿ ಜೀನ್‌ಗಳಲ್ಲೊಂದು ಕೆಟ್ಟಿರುತ್ತದೆ. ಅವರ ಮೂತ್ರಪಿಂಡದಲ್ಲಿ ಏಳುವ ಆಂಜಿಯೋಮಯೋಲೈಪೋಮ ಎಂಬ ಗಡ್ಡೆ ಕ್ಯಾನ್ಸರ್ ಅಲ್ಲದಿದ್ದರೂ ಅದರಲ್ಲಿನ ರಕ್ತನಾಳಗಳು ಗೋಡೆ ಗಟ್ಟಿಯಿಲ್ಲದೆ ಉಬ್ಬಿಕೊಂಡಿರುತ್ತವೆ. ಒಡೆದರೆ ಒಳಗೇ ರಕ್ತಸ್ರಾವ. ಎವೆರೋಲಿಮಸ್ ಇಲ್ಲಿ ಮಾಡುವ ಕೆಲಸ ಕಣ್ಣಿಗೆ ಕಾಣುವಂಥದು: 118 ಜನರ ಪ್ರಯೋಗದಲ್ಲಿ ಔಷಧಿ ಪಡೆದವರಲ್ಲಿ 42 ಶೇಕಡ ಜನರ ಗಡ್ಡೆಯ ಗಾತ್ರ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯಿತು, ಖಾಲಿ ಮಾತ್ರೆ ಪಡೆದವರಲ್ಲಿ ಒಬ್ಬರಿಗೂ ಇಳಿಯಲಿಲ್ಲ. ಔಷಧಿ ನಿಲ್ಲಿಸಿದರೆ ಮತ್ತೆ ಬೆಳೆಯುವುದುಂಟು. ಅಂದರೆ ಅದು ಬಾಗಿಲನ್ನು ಒತ್ತಿ ಹಿಡಿದಿರುತ್ತದೆ, ರಿಪೇರಿ ಮಾಡುವುದಿಲ್ಲ.

ಇದೇ ತರ್ಕದಲ್ಲಿ ಪಿಟೆನ್ ಕಳೆದುಕೊಂಡ ಗಡ್ಡೆಗೂ ಎವೆರೋಲಿಮಸ್ ಹೊಂದಬೇಕಿತ್ತು. ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇದೆ: ಪಿಟೆನ್ ಹೋದರೆ ಎಕೆಟಿ ಎಂಬ ಪ್ರೋಟೀನ್ ಏರುತ್ತದೆ, ಅದರಿಂದ ಎಂಟಾರ್ ಏರುತ್ತದೆ, ಹಿಫ್ ಹೆಚ್ಚುತ್ತದೆ, ವಿಇಜಿಎಫ್ ಸುರಿಯುತ್ತದೆ. ಎಂಟಾರ್ ಕಟ್ಟಿಹಾಕಿದರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ಎಂಟಾರ್ ಚುರುಕಾಗಿದ್ದಾಗ ಮೇಲಿನವರಿಗೆ ‘ಸಾಕು’ ಎಂದು ಹೇಳಿ ಕಳಿಸುತ್ತಿರುತ್ತದೆ. ಅದನ್ನೇ ಕಟ್ಟಿಹಾಕಿದರೆ ಆ ಮಾತು ಹೋಗುವುದು ನಿಂತು, ಎಕೆಟಿ ಇನ್ನಷ್ಟು ಏರಬಹುದು. ಗ್ಲಿಯೋಬ್ಲಾಸ್ಟೋಮ ಎಂಬ ಮೆದುಳಿನ ಕ್ಯಾನ್ಸರಿನಲ್ಲಿ ಪಿಟೆನ್ ಹೋಗುವುದು ಸಾಮಾನ್ಯ. ಈ ಗುಂಪಿನ ಔಷಧಿಗಳನ್ನು ಅಲ್ಲಿ ಕೊಟ್ಟು ನೋಡಿದಾಗ ಕೆಲವು ರೋಗಿಗಳಲ್ಲಿ ಹೀಗೆಯೇ ಆದದ್ದು ದಾಖಲಾಗಿದೆ. ರಿಪೋರ್ಟಿನಲ್ಲಿ ಪಿಟೆನ್ ಎಂದಿದ್ದ ಮಾತ್ರಕ್ಕೆ ಎಂಟಾರ್ ಔಷಧಿಯೇ ಬೇಕು ಎಂದು ಪಟ್ಟು ಹಿಡಿಯಬೇಡಿ.

ಎನ್‌ಎಫ್2: ನನ್ನ ಲೆಕ್ಕ ತಪ್ಪುವ ಜಾಗ

ಎನ್‌ಎಫ್2 ಜೀನಿನ ಮರ್ಲಿನ್ ಎಂಬ ಪ್ರೋಟೀನ್ ವಿಇಜಿಎಫ್‌ನಿಂದ ದೂರವೇ ಇದೆ. ಹತ್ತಿರವಿದ್ದಷ್ಟೂ ಒಳ್ಳೆಯ ಫಲ ಎಂಬ ನನ್ನ ಮಾತಿನ ಪ್ರಕಾರ ಇಲ್ಲಿ ರಕ್ತನಾಳದ ಔಷಧಿ ಅಷ್ಟೇನೂ ಮಾಡಬಾರದಿತ್ತು. ಈ ಜೀನ್ ಕೆಟ್ಟು ಹುಟ್ಟಿದವರಿಗೆ ಎರಡೂ ಕಿವಿಯ ನರಗಳ ಮೇಲೆ ಗಡ್ಡೆ ಬೆಳೆಯುತ್ತದೆ, ಯೌವನದಲ್ಲೇ ಕೇಳಿಸುವುದು ಕಡಿಮೆಯಾಗುತ್ತ ಹೋಗುತ್ತದೆ. 2009ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಇಂಥ 10 ಜನರಿಗೆ ಬೆವಾಸಿಜುಮ್ಯಾಬ್ ಕೊಟ್ಟರು. 9 ಜನರ ಗಡ್ಡೆ ಕುಗ್ಗಿತು. ಶ್ರವಣ ಅಳೆಯಲು ಸಾಧ್ಯವಿದ್ದ 7 ಜನರಲ್ಲಿ 4 ಜನರಿಗೆ ಮೊದಲಿಗಿಂತ ಚೆನ್ನಾಗಿ ಕೇಳಿಸತೊಡಗಿತು. ಹತ್ತೇ ಜನರ ಅಧ್ಯಯನ ಎಂಬುದು ನಿಜ, ಆದರೂ ಮುಚ್ಚಿಹೋಗುತ್ತಿದ್ದ ಕಿವಿ ಮತ್ತೆ ತೆರೆದದ್ದು ಸಣ್ಣ ಮಾತಲ್ಲ. ಆ ಗಡ್ಡೆಗಳೆಲ್ಲ ವಿಇಜಿಎಫ್ ಸುರಿಸುತ್ತಿದ್ದವು. ಜೀನ್ ದೂರವಿದ್ದರೂ ಗಡ್ಡೆ ಕೊನೆಗೆ ನೆಚ್ಚಿಕೊಂಡದ್ದು ಅದೇ ಕರೆಯನ್ನು. ಹಾಗಾಗಿ ಜೀನಿನ ಹೆಸರಿನ ಜೊತೆಗೆ ಗಡ್ಡೆ ಈಗ ಯಾವುದರ ಮೇಲೆ ಬದುಕಿದೆ ಎಂದೂ ಕೇಳಬೇಕು.

ಪಿ53: ಎಲ್ಲರಿಗಿಂತ ದೊಡ್ಡವನು, ಎಲ್ಲರಿಗಿಂತ ಕಷ್ಟದವನು

ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕೆಟ್ಟಿರುವ ಜೀನ್ ಇದು. ಜೀನಿನ ಹೆಸರು ಟಿಪಿ53, ಅದರ ಪ್ರೋಟೀನ್ ಪಿ53. ಹಾಗಾಗಿ ಓದುತ್ತಿರುವ ನಿಮ್ಮ ಕೈಯಲ್ಲಿರುವ ರಿಪೋರ್ಟಿನಲ್ಲೂ ಟಿಪಿ53 ಎಂಬ ಹೆಸರೇ ಇರುವ ಸಾಧ್ಯತೆ ಹೆಚ್ಚು.

ಇದಕ್ಕೂ ರಕ್ತನಾಳಕ್ಕೂ ಇರುವ ಸಂಬಂಧ ಗೊತ್ತಾದ ಬಗೆಯೇ ಸೊಗಸಾದದ್ದು. ಷಿಕಾಗೋದ ನೋಯೆಲ್ ಬೌಕ್ ಅವರ ತಂಡ ಇಲಿಯ ಕಣ್ಣಿನ ಕಾರ್ನಿಯವನ್ನು ಪರೀಕ್ಷೆಯ ಬಯಲನ್ನಾಗಿ ಮಾಡಿಕೊಂಡಿತ್ತು. ಕಾರ್ನಿಯದಲ್ಲಿ ರಕ್ತನಾಳವೇ ಇರುವುದಿಲ್ಲ, ಅದಕ್ಕೇ ಅದು ಗಾಜಿನಂತೆ ತಿಳಿ. ಕೋಶಗಳು ಸ್ರವಿಸಿದ ದ್ರವವನ್ನು ಒಂದು ಪುಟ್ಟ ಗುಳಿಗೆಯಲ್ಲಿ ಸೇರಿಸಿ ಅಲ್ಲಿ ಹುದುಗಿಸಿದರೆ, ಕೆಲವು ದಿನಗಳಲ್ಲಿ ಕಣ್ಣಿನ ಅಂಚಿನಿಂದ ಕೆಂಪು ಎಳೆಗಳು ಗುಳಿಗೆಯ ಕಡೆ ಹೊರಟಿವೆಯೋ ಇಲ್ಲವೋ ಎಂದು ಕಣ್ಣಾರೆ ನೋಡಬಹುದು. ಲೀ-ಫ್ರಾಮೆನಿ ಕಾಯಿಲೆಯವರು ಪಿ53ರ ಒಂದೇ ಒಳ್ಳೆಯ ಪ್ರತಿಯೊಂದಿಗೆ ಹುಟ್ಟಿರುತ್ತಾರೆ. ಅವರ ಚರ್ಮದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದಾಗ ಮೊದಮೊದಲು ಅವುಗಳ ದ್ರವ ರಕ್ತನಾಳವನ್ನು ಕರೆಯಲಿಲ್ಲ. ಬೆಳೆಯುತ್ತ ಬೆಳೆಯುತ್ತ ಉಳಿದಿದ್ದ ಆ ಒಂದು ಪ್ರತಿಯೂ ಕಳೆದುಹೋದಾಗ, ಅದೇ ಕೋಶಗಳು ರಕ್ತನಾಳವನ್ನು ಕರೆಯತೊಡಗಿದವು. ಕಾರಣ ಹುಡುಕಿದರೆ, ಥ್ರಾಂಬೋಸ್ಪಾಂಡಿನ್-1 ಕುಸಿದಿತ್ತು. 1994ರಲ್ಲಿ ಇದು ಪ್ರಕಟವಾಯಿತು. ನಡ್ಸನ್ ಹೇಳಿದ ಎರಡನೇ ಏಟು ಬಿದ್ದ ಕ್ಷಣವೇ ಫೋಕ್‌ಮನ್ ಹೇಳಿದ ಕರೆ ಹೊರಟದ್ದನ್ನು ಒಂದೇ ತಟ್ಟೆಯಲ್ಲಿ ತೋರಿಸಿದ ಪ್ರಯೋಗ ಅದು.

ಪಿ53 ಮಾಡುವುದು ಇಷ್ಟೇ ಆಗಿದ್ದರೆ ಥ್ರಾಂಬೋಸ್ಪಾಂಡಿನ್ ಅನ್ನು ಹೊರಗಿನಿಂದ ಕೊಟ್ಟು ಮುಗಿಸಬಹುದಿತ್ತು. ಅದನ್ನು ಹೋಲುವ ಎಬಿಟಿ-510 ಎಂಬ ಔಷಧಿ ತಯಾರಿಸಿ ಮೂತ್ರಪಿಂಡದ ಕ್ಯಾನ್ಸರ್ ಮತ್ತು ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಪ್ರಯೋಗಿಸಿಯೂ ನೋಡಿದರು, ಹೇಳಿಕೊಳ್ಳುವ ಫಲ ಸಿಗಲಿಲ್ಲ. ಪಿ53 ಇನ್ನೂ ಎರಡು ಕೈಗಳಿಂದ ಕೆಲಸ ಮಾಡುತ್ತದೆ. ಹಿಫ್-1ಅನ್ನು ಚೂರುಮಾಡಲು ನೆರವಾಗುತ್ತದೆ. ಕೊಲಾಜನ್‌ನಿಂದ ಎಂಡೋಸ್ಟಾಟಿನ್‌ನಂಥ ರಕ್ತನಾಳ ತಡೆಯುವ ತುಣುಕುಗಳು ಹುಟ್ಟುವಂತೆಯೂ ಮಾಡುತ್ತದೆ. ಒಂದು ಕೈಯ ಕೆಲಸವನ್ನು ಔಷಧಿ ತುಂಬಿಕೊಟ್ಟರೂ ಉಳಿದ ಕೈಗಳ ಕೆಲಸ ಹಾಗೇ ಬಿದ್ದಿರುತ್ತದೆ.

ಇನ್ನೊಂದು ತೊಡಕು ಹೆಚ್ಚು ಕಳವಳದ್ದು. ಪಿ53 ಇಲ್ಲದ ಕೋಶ ಉಸಿರುಗಟ್ಟಿದರೂ ಸಾಯಲು ಒಪ್ಪುವುದಿಲ್ಲ. 2002ರಲ್ಲಿ ರಾಬರ್ಟ್ ಕರ್ಬೆಲ್ ಅವರ ತಂಡ, ಪಿ53 ಇರುವ ಮತ್ತು ಇಲ್ಲದ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳನ್ನು ಇಲಿಗಳಲ್ಲಿ ಬೆಳೆಸಿ ರಕ್ತನಾಳ ತಡೆಯುವ ಚಿಕಿತ್ಸೆ ಕೊಟ್ಟಿತು. ಪಿ53 ಇಲ್ಲದ ಗಡ್ಡೆಗಳು ಕಡಿಮೆ ಬಗ್ಗಿದವು. ರಕ್ತನಾಳದಿಂದ ದೂರ ಉಳಿದೂ ಬದುಕಬಲ್ಲ ಕೋಶಗಳೇ ಅಲ್ಲಿ ಹೆಚ್ಚಾದವು. ಹಾಗಂತ ಪಿ53 ಕೆಟ್ಟವರಿಗೆ ಬೆವಾಸಿಜುಮ್ಯಾಬ್ ಬೇಡವೇ ಬೇಡ ಎನ್ನಲಾಗದು. ಹರಡಿದ ಕ್ಯಾನ್ಸರಿನ ರೋಗಿಗಳ ಹಳೆಯ ದಾಖಲೆಗಳನ್ನು ತಿರುವಿ ನೋಡಿದ ಕೆಲವು ಅಧ್ಯಯನಗಳು ಇದಕ್ಕೆ ತದ್ವಿರುದ್ಧವಾಗಿ, ಟಿಪಿ53 ಕೆಟ್ಟವರಿಗೇ ಬೆವಾಸಿಜುಮ್ಯಾಬ್‌ನಿಂದ ಹೆಚ್ಚು ಲಾಭ ಎಂದಿವೆ. ಎರಡೂ ಬದಿಯ ಪುರಾವೆ ಹೀಗಿರುವಾಗ, ಬರೀ ಟಿಪಿ53 ನೋಡಿಕೊಂಡು ರಕ್ತನಾಳದ ಔಷಧಿಯನ್ನು ಆರಿಸುವುದೂ ಬಿಡುವುದೂ ಎರಡೂ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂಥ ಸಂದರ್ಭದಲ್ಲಿ ಆಯ್ಕೆ ನಿಲ್ಲುವುದು ಗಡ್ಡೆ ಯಾವ ಅಂಗದ್ದು ಎಂಬುದರ ಮೇಲೆ. ದೊಡ್ಡ ಕರುಳಿನ ಹರಡಿದ ಕ್ಯಾನ್ಸರಿನಲ್ಲಿ ಕೀಮೋ ಜೊತೆ ಬೆವಾಸಿಜುಮ್ಯಾಬ್ ಸೇರಿಸಿದಾಗ ಬದುಕಿನ ಮಧ್ಯಮ ಅವಧಿ 15.6 ತಿಂಗಳಿನಿಂದ 20.3 ತಿಂಗಳಿಗೆ ಏರಿತು. 2004ರಲ್ಲಿ ಒಪ್ಪಿಗೆ ಸಿಕ್ಕಿದ್ದು ಅದರ ಬಲದ ಮೇಲೆ. ಸ್ತನ ಕ್ಯಾನ್ಸರಿಗೆ 2008ರಲ್ಲಿ ಅಮೆರಿಕದಲ್ಲಿ ಕೊಟ್ಟ ಒಪ್ಪಿಗೆಯನ್ನು 2011ರಲ್ಲಿ ಹಿಂದಕ್ಕೆ ಪಡೆದರು: ಬದುಕು ಉದ್ದವಾಗಲಿಲ್ಲ, ಅಡ್ಡ ಪರಿಣಾಮ ಮಾತ್ರ ಉಳಿಯಿತು. ಹೊಸದಾಗಿ ಪತ್ತೆಯಾದ ಗ್ಲಿಯೋಬ್ಲಾಸ್ಟೋಮದಲ್ಲೂ 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳು ಒಟ್ಟು ಬದುಕಿನಲ್ಲಿ ಲಾಭ ತೋರಿಸಲಿಲ್ಲ.

ರೆಟಿನೊಬ್ಲಾಸ್ಟೋಮದಲ್ಲಿ ಕೆಡುವ ಆರ್‌ಬಿ ಜೀನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಹೋದಾಗ ವಿಇಜಿಎಫ್ ಏರುವುದು ನಿಜ, ಆದರೆ ಆ ಕಾರಣಕ್ಕಾಗಿ ರಕ್ತನಾಳದ ಔಷಧಿಯನ್ನು ಆರಿಸುವ ಪದ್ಧತಿ ಇಲ್ಲ. ಎಫ್‌ಎಚ್ ಎಂಬ ಜೀನ್ ಹೋದಾಗ ಬರುವ, ವಂಶವಾಹಿಯಾದ ಮೂತ್ರಪಿಂಡ ಕ್ಯಾನ್ಸರಿನಲ್ಲಿ ಕೋಶದಲ್ಲಿ ಫ್ಯೂಮರೇಟ್ ಎಂಬ ರಾಸಾಯನಿಕ ತುಂಬಿಕೊಂಡು ಹಿಫ್‌ಗೆ ಗುರುತು ಹಾಕುವ ಕಿಣ್ವವೇ ಮಂಕಾಗುತ್ತದೆ. ಅಲ್ಲಿ ಬೆವಾಸಿಜುಮ್ಯಾಬ್ ಮತ್ತು ಇನ್ನೊಂದು ಬೆಳವಣಿಗೆಯ ಗ್ರಾಹಿಯನ್ನು ತಡೆಯುವ ಎರ್ಲೋಟಿನಿಬ್, ಈ ಜೋಡಿಯನ್ನು ಬಳಸುತ್ತಾರೆ.

ದಿನ ದಿನದ ಬದುಕಿನಲ್ಲಿ ಯಾವುದು ಹೇಗೆ

ಜೀನ್ ಹೊಂದಿದರೆ ಸಾಲದು, ದೇಹಕ್ಕೂ ಹೊಂದಬೇಕು. ತಮಾಷೆಯ ಮಾತಲ್ಲ ಇದು, ಅಡ್ಡ ಪರಿಣಾಮ ತಾಳಲಾರದೆ ಒಳ್ಳೆಯ ಔಷಧಿ ಬಿಟ್ಟವರು ಬೇಕಾದಷ್ಟು.

ಬೆವಾಸಿಜುಮ್ಯಾಬ್ ಎರಡು ಅಥವಾ ಮೂರು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡುವಂಥದು. ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು 20 ದಿನ. ಅಂದರೆ ತೊಂದರೆ ಬಂತು ಎಂದು ನಿಲ್ಲಿಸಿದರೂ ವಾರಗಟ್ಟಲೆ ಒಳಗೇ ಇರುತ್ತದೆ. ಬಿಪಿ ಏರುವುದು, ಮೂತ್ರದಲ್ಲಿ ಪ್ರೋಟೀನ್ ಹೋಗುವುದು, ಮೂಗಿನಲ್ಲಿ ರಕ್ತ, ಅಪರೂಪಕ್ಕೆ ಕರುಳು ತೂತಾಗುವುದು. ಗಾಯ ಮಾಯುವುದಕ್ಕೂ ಹೊಸ ರಕ್ತನಾಳ ಬೇಕಲ್ಲ? ಅದಕ್ಕೇ ದೊಡ್ಡ ಆಪರೇಶನ್ ಆದ ಮೇಲೆ ಕನಿಷ್ಠ 28 ದಿನ ಕಳೆದು ಗಾಯ ಪೂರ್ತಿ ಕೂಡಿಕೊಳ್ಳುವವರೆಗೆ ಇದನ್ನು ಕೊಡುವುದಿಲ್ಲ. ಹತ್ತಿರದಲ್ಲಿ ಹಲ್ಲು ಕೀಳಿಸುವ ಯೋಚನೆ ಇದ್ದರೂ ಮೊದಲೇ ಹೇಳಿ.

ಗ್ರಾಹಿ ತಡೆಯುವ ಮಾತ್ರೆಗಳನ್ನು ಮನೆಯಲ್ಲೇ ನುಂಗಬಹುದು, ಬೇಡವಾದರೆ ಬೇಗ ನಿಲ್ಲಿಸಲೂಬಹುದು. ಆದರೆ ಅವು ಒಂದೇ ಗ್ರಾಹಿಗೆ ಅಂಟಿಕೊಂಡಿರುವುದಿಲ್ಲ. ಅಂಗೈ ಅಂಗಾಲು ಕೆಂಪಾಗಿ ಸುಲಿಯುವುದು, ಭೇದಿ, ಥೈರಾಯ್ಡ್ ಕುಂಠಿತವಾಗುವುದು, ಸುಸ್ತು, ಜೊತೆಗೆ ಬಿಪಿ. ಅಂಗಾಲಿನ ನೋವಿಗೆ ನಡೆಯಲಾಗದೆ ಕೂತವರಿಗೆ ‘ಗಡ್ಡೆ ಕುಗ್ಗಿದೆ’ ಎಂಬ ಸ್ಕ್ಯಾನ್ ಕೂಡ ಅರ್ಧ ಸಮಾಧಾನವೇ. ಡೋಸ್ ಇಳಿಸುವ ಅವಕಾಶ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ, ಬಹಳ ಸಲ ಇರುತ್ತದೆ.

ಎವೆರೋಲಿಮಸ್ ಬಾಯಿಹುಣ್ಣು ತರುತ್ತದೆ, ಸಕ್ಕರೆ ಮತ್ತು ಕೊಲೆಸ್ಟ್ರಾಲ್ ಏರಿಸುತ್ತದೆ, ಸೋಂಕಿಗೆ ದಾರಿ ಮಾಡುತ್ತದೆ. ಒಣ ಕೆಮ್ಮು, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ತಿಳಿಸಬೇಕು, ಶ್ವಾಸಕೋಶದ ಉರಿಯೂತ ಇರಬಹುದು. ಮಧುಮೇಹ ಮೊದಲೇ ಇದ್ದವರು ಇದನ್ನು ಹೋಲಿಕೆಯಲ್ಲಿ ತೂಕ ಹಾಕಿ ನೋಡಬೇಕು.

ಬೆಲ್ಜುಟಿಫಾನ್‌ನ ಮುಖ್ಯ ತೊಂದರೆ ರಕ್ತಹೀನತೆ. ಹೊಸ ಕೆಂಪು ರಕ್ತಕಣ ಮಾಡಿ ಎಂದು ಹೇಳುವ ಎರಿಥ್ರೋಪೊಯೆಟಿನ್ ಹುಟ್ಟುವುದೂ ಹಿಫ್-2ರಿಂದಲೇ, ಹಾಗಾಗಿ ಇದು ತಪ್ಪಿಸಿಕೊಳ್ಳಲಾಗದ ಪರಿಣಾಮ. ರಕ್ತದಲ್ಲಿ ಆಮ್ಲಜನಕದ ಮಟ್ಟವೂ ಇಳಿಯಬಹುದು. ಗರ್ಭದಲ್ಲಿರುವ ಮಗುವಿಗೆ ಇದು ಅಪಾಯ. ಇದರ ಜೊತೆಗೆ ಹಾರ್ಮೋನಿನ ಗರ್ಭನಿರೋಧಕ ಮಾತ್ರೆಗಳ ಶಕ್ತಿಯನ್ನೂ ಕುಂದಿಸುವುದರಿಂದ ಬೇರೆ ವಿಧಾನ ಬೇಕು. ವಂಶವಾಹಿ ವಿಎಚ್‌ಎಲ್ ಇರುವವರಲ್ಲಿ ಮಕ್ಕಳ ಯೋಚನೆಯಲ್ಲಿರುವ ಯುವತಿಯರೂ ಇರುತ್ತಾರೆ. ಅವರಿಗೆ ಈ ಒಂದು ಸಂಗತಿಯೇ ಆಯ್ಕೆಯನ್ನು ತಿರುಗಿಸಬಹುದು.

ರಿಪೋರ್ಟಿನಲ್ಲಿ ಏನು ನೋಡಬೇಕು

ಜೀನಿನ ಹೆಸರು ಕಂಡ ಕೂಡಲೇ ತೀರ್ಮಾನಕ್ಕೆ ಬರಬೇಡಿ, ಪಕ್ಕದಲ್ಲಿರುವ ಸಾಲು ಓದಿ. ಬದಲಾವಣೆ ಕಾಯಿಲೆ ತರುವಂಥದೆಂದು ಖಚಿತವೋ, ಅಥವಾ ಅರ್ಥ ಇನ್ನೂ ಗೊತ್ತಾಗದ ಬದಲಾವಣೆ ಎಂದು ಬರೆದಿದೆಯೋ? ಎರಡನೆಯದಾದರೆ ಅದರ ಮೇಲೆ ಔಷಧಿ ಆರಿಸುವಂತಿಲ್ಲ. ಇನ್ನೊಂದು ಪ್ರತಿಯೂ ಹೋಗಿದೆಯೋ ಎಂಬುದನ್ನೂ ವಿಚಾರಿಸಿ. ಬದಲಾವಣೆ ಜೀನಿನ ಯಾವ ಜಾಗದಲ್ಲಿ ಎಂಬುದೂ ಮುಖ್ಯ. ರಷ್ಯಾದ ಚುವಾಶಿಯಾದಲ್ಲಿ ವಿಎಚ್‌ಎಲ್‌ನ 200ನೇ ಅಮೈನೋ ಆಮ್ಲ ಎರಡೂ ಪ್ರತಿಗಳಲ್ಲಿ ಬದಲಾಗಿ ಹುಟ್ಟುವವರಿದ್ದಾರೆ. ಅವರಿಗೆ ಕೆಂಪು ರಕ್ತಕಣ ಅತಿಯಾಗುತ್ತದೆ, ಆದರೆ ವಿಎಚ್‌ಎಲ್‌ನ ಗಡ್ಡೆಗಳು ಏಳುವುದಿಲ್ಲ. ಅದೇ ಜೀನ್, ಎರಡೂ ಪ್ರತಿ ಬದಲಾಗಿವೆ, ಆದರೂ ಕಥೆ ಬೇರೆ.

ಕೊನೆಯದಾಗಿ, ಪರೀಕ್ಷೆಗೆ ಕೊಟ್ಟದ್ದು ಗಡ್ಡೆಯ ತುಣುಕೋ, ರಕ್ತವೋ? ಗಡ್ಡೆಯಲ್ಲಿ ಮಾತ್ರ ಕಂಡ ಬದಲಾವಣೆ ಆ ವ್ಯಕ್ತಿಗೇ ಮುಗಿಯುತ್ತದೆ. ರಕ್ತದಲ್ಲೂ ಇದ್ದರೆ ಅದು ಹುಟ್ಟಿನಿಂದ ಬಂದದ್ದು, ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ದಾಟಿರುವ ಸಂಭವ ಅರ್ಧಕ್ಕರ್ಧ. ವಿಎಚ್‌ಎಲ್ ಆದರೆ ಆ ಮಗುವಿನ ಕಣ್ಣಿನ ಪಾಪೆ ಹಿಗ್ಗಿಸಿ ರೆಟಿನಾ ನೋಡುವುದನ್ನು ಮೊದಲ ಹುಟ್ಟುಹಬ್ಬಕ್ಕೂ ಮುಂಚೆ ಶುರುಮಾಡಬೇಕು. ಅಲ್ಲಿ ಏಳುವ ರಕ್ತನಾಳದ ಗಂಟು ಚುಕ್ಕೆಯಷ್ಟಿರುವಾಗ ಲೇಸರ್‌ನಿಂದ ಸುಟ್ಟು ದೃಷ್ಟಿ ಉಳಿಸಬಹುದು.